ಪನೀರ್ ಹದಿನಾಲ್ಕು, ರೊಟ್ಟಿ ಒಂದು

ಸೇಡಂ ರಸ್ತೆಯ ಫ್ಯಾಮಿಲಿ ರೆಸ್ಟೋರೆಂಟುಗಳ ಮೆನು ಕಾರ್ಡನ್ನು ಯಾರಾದರೂ ಪುಸ್ತಕದ ಹಾಗೆ ಕೂತು ವಿಮರ್ಶೆ ಮಾಡಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿತ್ತು. ಯಾರೂ ಮಾಡಲಿಲ್ಲ, ಹಾಗಾಗಿ ನಾನೇ ಕೂತೆ. ದೀಪಾವಳಿ ರಜೆಗೆ ಊರಿಗೆ ಹೋದಾಗ ಮನೆಮಂದಿಯೆಲ್ಲ ಸೇರಿ ಹೊರಗೆ ಊಟಕ್ಕೆ ಹೋಗಿದ್ದೆವು. ಕೈಗೆ ಬಂದದ್ದು ಲ್ಯಾಮಿನೇಟ್ ಮಾಡಿದ ಎಂಟು ಪುಟ. ಸೂಪು, ಸ್ಟಾರ್ಟರು, ಚೈನೀಸು, ತಂದೂರು. ಪನೀರ್ ಒಂದರಲ್ಲೇ ಹದಿನಾಲ್ಕು ಬಗೆ. ತಿಂದು ನೋಡಿದರೆ ಗ್ರೇವಿ ಮೂರೇ: ಕೆಂಪು, ಹಳದಿ, ಬಿಳಿ. ಉಳಿದದ್ದೆಲ್ಲ ನಾಮಕರಣ. ಜೋಳದ ರೊಟ್ಟಿ ಸಿಕ್ಕಿದ್ದು ಕೊನೇ ಪುಟದಲ್ಲಿ, ಕುಲ್ಚಾದ ಕೆಳಗೆ, ಪಕ್ಕದಲ್ಲೊಂದು ನಕ್ಷತ್ರ. ನಕ್ಷತ್ರದ ಅರ್ಥ: ಇದ್ದರೆ ಮಾತ್ರ.

ಇದು ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್ ಕೂಡ ಬಂತು. ಆ ಬೇಳೆ ಈ ಕಾರ್ಡಿನಲ್ಲಿ ದಾಲ್ ತಡ್ಕಾ, ದಾಲ್ ಫ್ರೈ, ದಾಲ್ ಕೊಲ್ಹಾಪುರಿ ಅಂತ ಬೇರೆ ಊರಿನ ಹೆಸರು ಹಾಕ್ಕೊಂಡು ಬರುತ್ತೆ. ಕಮಲಾಪುರದ ಕೆಂಪು ಬಾಳೆಗೂ ಜಿಐ ಇದೆ. ಡೆಸರ್ಟ್ ಪುಟದಲ್ಲಿ ಬನಾನಾ ಸ್ಪ್ಲಿಟ್ ಇದೆ, ಕೆಂಪು ಬಾಳೆ ಇಲ್ಲ. ಮಾಲ್ದಿ ಇಲ್ಲ, ಶೇಂಗಾ ಹೋಳಿಗೆ ಇಲ್ಲ. ತಾಹರಿ ತಿನ್ನಬೇಕಂದ್ರೆ ಬೇರೆ ಓಣಿಗೇ ಹೋಗಬೇಕು. ಅದು 'ಫ್ಯಾಮಿಲಿ' ಲೆಕ್ಕಕ್ಕೆ ಬರೋದಿಲ್ಲವಂತೆ.

ಹಾಗಂತ ಪಂಜಾಬಿ ಊಟದ ಮೇಲೆ ನನಗೇನೂ ಸಿಟ್ಟಿಲ್ಲ. ದೇಶವಿಭಜನೆಯಲ್ಲಿ ಪೇಶಾವರ ಬಿಟ್ಟು ದಿಲ್ಲಿಗೆ ಬಂದವರು ದರಿಯಾಗಂಜ್‌ನ ಮೋತಿ ಮಹಲಿನಲ್ಲಿ ತಂದೂರಿ ಅಡುಗೆಗೆ ಹೆಸರು ತಂದರು. ಬಟರ್ ಚಿಕನ್ ಯಾರದ್ದು ಅಂತ 2024ರಲ್ಲೂ ದಿಲ್ಲಿ ಹೈಕೋರ್ಟಿನಲ್ಲಿ ಜಗಳ ನಡೀತಿತ್ತು. ಅಷ್ಟು ಅಭಿಮಾನ ಇಟ್ಟುಕೊಂಡ ಅಡುಗೆ ಊರೂರು ಗೆದ್ದರೆ ಆಶ್ಚರ್ಯವೇನೂ ಇಲ್ಲ. ಗೋಬಿ ಮಂಚೂರಿ ಕತೆ ಬೇರೆ. ಅದರ ಬಣ್ಣವನ್ನು ಮಾರ್ಚ್ 2024ರಲ್ಲಿ ನಮ್ಮ ಸರ್ಕಾರವೇ ನಿಷೇಧಿಸಬೇಕಾಯ್ತು. ಈಗ ಅದು ಸ್ವಲ್ಪ ಮಂಕಾಗಿ ಬರುತ್ತೆ, ಅಷ್ಟೇ.

ರೊಟ್ಟಿ ಯಾಕೆ ನಕ್ಷತ್ರದ ಕೆಳಗೆ ಹೋಯ್ತು ಅನ್ನೋದಕ್ಕೆ ಅಡುಗೆಮನೆಯಲ್ಲೇ ಕಾರಣ ಇದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರು ಹಾಕಿ ನಾದಿ, ಆಗಲೇ ಬಡಿಯಬೇಕು. ನಾದಿಟ್ಟ ಹಿಟ್ಟು ಕಾಯೋದಿಲ್ಲ, ಅಂಚು ಬಿರಿಯುತ್ತೆ. ಮೈದಾ ಹಿಟ್ಟನ್ನ ಮಧ್ಯಾಹ್ನ ನಾದಿಟ್ಟು ರಾತ್ರಿ ಹನ್ನೊಂದರ ತನಕ ನಾನ್ ಮಾಡಬಹುದು. ತಂದೂರಿನ ಗೋಡೆಗೆ ಒಂದೇ ಸಲಕ್ಕೆ ನಾಲ್ಕಾರು ಹಚ್ಚಬಹುದು. ತವೆ ಮೇಲೆ ರೊಟ್ಟಿ ಒಂದೊಂದೇ, ಮೇಲೆ ನೀರು ಸವರಬೇಕು, ತಿರುವಬೇಕು, ಉಬ್ಬೋ ತನಕ ನಿಲ್ಲಬೇಕು. ಎಂಟು ಪುಟದ ಹೋಟೆಲಿನಲ್ಲಿ ಇದನ್ನು ಮಾಡೋ ಕೈ ಒಂದೇ ಜೋಡಿ. ನಾವು ಕೇಳಿದಾಗ ಸಪ್ಲಾಯರ್ ಹುಡುಗ ಹೇಳಿದ್ದು: "ರೊಟ್ಟಿ ಬಡಿಯೋ ಅಕ್ಕ ಇವತ್ತ ಬಂದಿಲ್ರಿ." ತಂದೂರಿನವನು ಬರದಿದ್ದರೆ ಹೋಟೆಲ್ಲೇ ಬಾಗಿಲು ಹಾಕ್ತಿತ್ತು.

ಬೆಂಗಳೂರಿನಿಂದ ಬಂದ ನಮ್ಮಂಥವರಿಗೆ ಇಲ್ಲಿ ಒಂದು ಭಾಷಣ ಸಿದ್ಧ ಇರುತ್ತೆ: ಮಿಲೆಟ್, ಸಿರಿಧಾನ್ಯ, 2023 ಇಡೀ ವರ್ಷ ವಿಶ್ವಸಂಸ್ಥೆಯೇ ಆಚರಿಸಿತು, ನಾವು ನೋಡಿದರೆ ಬಟರ್ ನಾನ್. ಆ ಭಾಷಣ ಶುರು ಆಗೋ ಮೊದಲೇ ನಮ್ಮವ್ವ ಮುಗಿಸಿದಳು: "ದಿನಾ ಬಡಿಯೋದು ಅದೇ ಅದ. ಇಲ್ಲಿಗಿ ಬಂದೂ ಅದೇ ತಿನ್ಬೇಕೇನು? ನನಗ ನಾನ್ ಹೇಳು." ನಲವತ್ತು ವರ್ಷ ಒಲೆ ಮುಂದೆ ಕೂತವಳಿಗೆ ಇನ್ನೊಬ್ಬರು ಮಾಡಿ ತಂದಿಡೋ ಮೆತ್ತಗಿನ ನಾನ್ ಅಂದ್ರೆ ಒಂದು ರಾತ್ರಿಯ ರಜೆ. ಆ ರಜೆಯನ್ನ 'ಅಥೆಂಟಿಕ್' ಹೆಸರಲ್ಲಿ ಕಿತ್ತುಕೊಳ್ಳೋ ಹಕ್ಕು ಯಾವ ವಿಮರ್ಶಕನಿಗೂ ಇಲ್ಲ.

ಇನ್ನೊಂದು ಮಾತು, ಇದನ್ನು ಖಾನಾವಳಿ ಪ್ರಿಯರು ಸಾಮಾನ್ಯವಾಗಿ ಹೇಳೋದಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಎಲ್ಲ ಖಾನಾವಳಿಯಲ್ಲಿ ಸಿಗುತ್ತೆ, ಚೆನ್ನಾಗಿಯೂ ಇರುತ್ತೆ. ಆದರೆ ಅದು ಬೆಳೆದದ್ದು ಕೋರ್ಟು ಕಚೇರಿಗೆ ಬಂದ ಗಂಡಸರಿಗೆ, ರೂಮು ಮಾಡಿಕೊಂಡ ವಿದ್ಯಾರ್ಥಿಗಳಿಗೆ. ಒಳಗೆ ಬಡಿಯೋರು ಹೆಂಗಸರು, ಹೊರಗೆ ಕೂತು ಉಣ್ಣೋರು ಹೆಚ್ಚಾಗಿ ಗಂಡಸರು. ನಮ್ಮವ್ವನ ವಯಸ್ಸಿನವರಿಗೆ ಆರಾಮಾಗಿ ಕಾಲು ಚಾಚಿ ಕೂರೋ ಕುರ್ಚಿ, ಎಸಿ, ಶುಚಿಯಾದ ಬಾತ್‌ರೂಮು ಮೊದಲು ಕೊಟ್ಟದ್ದು ಈ ಪನೀರ್ ಹೋಟೆಲುಗಳೇ. ಕುರ್ಚಿ ಜೊತೆಗೆ ಮೆನುವೂ ಬಂತು.

ಹಂಗಾದ್ರೆ ತಕರಾರು ಏನು? ಬೆಲೆಯದ್ದು. ಆ ಕಾರ್ಡಿನಲ್ಲಿ ರೊಟ್ಟಿಯ ರೇಟು ಬಟರ್ ನಾನ್‌ನ ಅರ್ಧಕ್ಕಿಂತ ಕಡಿಮೆ. ಹೆಚ್ಚು ದುಡಿಮೆ ಬೇಡೋ ಪದಾರ್ಥಕ್ಕೆ ಕಡಿಮೆ ರೊಕ್ಕ ಇಟ್ಟಮೇಲೆ ಆ ಅಕ್ಕನಿಗೆ ಸಿಗೋ ಕೂಲಿ ಎಷ್ಟಿರಬಹುದು ಅಂತ ಊಹಿಸೋಕೆ ಕಷ್ಟ ಇಲ್ಲ. ಮನೆಯಲ್ಲಿ ಪುಕ್ಕಟೆ ಸಿಗೋದಕ್ಕೆ ಹೊರಗೆ ಯಾಕೆ ಹೆಚ್ಚು ಕೊಡಬೇಕು ಅನ್ನೋ ಲೆಕ್ಕ ಮಾಲೀಕನೊಬ್ಬನದ್ದಲ್ಲ, ನಮ್ಮೆಲ್ಲರದ್ದು. ಇತ್ತೀಚೆಗೆ ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳು 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಮಾಡಿ ಮಾರ್ತಿವೆ. ಜೂನ್ 2025ರಲ್ಲಿ ಪ್ರಧಾನಿಯ ಮನ್ ಕೀ ಬಾತ್‌ನಲ್ಲೂ ಆ ಮಾತು ಬಂತು. ಪ್ಯಾಕೆಟ್ಟಿನಲ್ಲಿ ದಿಲ್ಲಿಯ ತನಕ ಹೋದ ರೊಟ್ಟಿ, ಸೇಡಂ ರಸ್ತೆಯ ಮೆನುವಿನ ಮೊದಲ ಪುಟಕ್ಕೆ ಇನ್ನೂ ಬಂದಿಲ್ಲ.

ನನ್ನ ಕೈಗೆ ಪೆನ್ನು ಕೊಟ್ಟರೆ ನಕ್ಷತ್ರ ಹೊಡೆದು ಹಾಕಿ, ರೊಟ್ಟಿಗೆ ನಾನ್‌ಗಿಂತ ಹತ್ತು ರೂಪಾಯಿ ಜಾಸ್ತಿ ಬರೀತೀನಿ, ಅಕ್ಕಂದಿರನ್ನ ಇಬ್ಬರು ಮಾಡ್ತೀನಿ. ಬಿಲ್ಲು ನೋಡಿ ಅಪ್ಪ ಗೊಣಗ್ತಾರೆ. ಅವ್ವ ಅವಾಗ್ಲೂ ನಾನ್ ಹೇಳಬಹುದು, ಹೇಳಲಿ.