ಸುದ್ದಿ ಕೊಟ್ಟವನ ಮುಖ

ವೀರಪ್ಪನ್ ಕತೆ ನಮಗೆ ಹೊಸದಲ್ಲ. 2013ರಲ್ಲಿ ಎ.ಎಂ.ಆರ್. ರಮೇಶ್ ‘ಅಟ್ಟಹಾಸ’ ಮಾಡಿದರು, ಕಿಶೋರ್ ವೀರಪ್ಪನ್ ಆದರು. 2016ರಲ್ಲಿ ರಾಮ್ ಗೋಪಾಲ್ ವರ್ಮಾ ‘ಕಿಲ್ಲಿಂಗ್ ವೀರಪ್ಪನ್’ ಮಾಡಿದರು, ಶಿವರಾಜ್‌ಕುಮಾರ್ ಪೊಲೀಸ್ ಆದರು. ಎರಡರಲ್ಲೂ ಕೊನೆಗೆ ಏನಾಗುತ್ತೆ ಅಂತ ಟಿಕೆಟ್ ತಗೊಳ್ಳುವಾಗಲೇ ಗೊತ್ತಿತ್ತು. ಹಾಗಿದ್ದ ಮೇಲೆ 2023ರ ಆಗಸ್ಟ್ 4ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದಿ ಹಂಟ್ ಫಾರ್ ವೀರಪ್ಪನ್’ ನೋಡುವಾಗ ಕೈಬೆರಳು ಯಾಕೆ ತಣ್ಣಗಾಗಬೇಕು? ಅದರಲ್ಲೂ ಎರಡನೇ ಕಂತು. ಅದೇ ಪ್ರಶ್ನೆ ಇಟ್ಕೊಂಡು ಈ ಬರಹ.

ನೋಡದವರಿಗೆ ಎರಡು ಮಾತು. ಇದು ನಾಲ್ಕು ಕಂತಿನ ಸಾಕ್ಷ್ಯಚಿತ್ರ ಸರಣಿ, ನಿರ್ದೇಶಕ ಸೆಲ್ವಮಣಿ ಸೆಲ್ವರಾಜ್. ನಿರ್ಮಾಪಕರಲ್ಲಿ ಒಬ್ಬರಾದ ಅಪೂರ್ವಾ ಬಕ್ಷಿ, 2020ರಲ್ಲಿ ಇಂಟರ್‌ನ್ಯಾಷನಲ್ ಎಮ್ಮಿ ಗೆದ್ದ ‘ದಿಲ್ಲಿ ಕ್ರೈಂ’ನ ಹಿಂದೆಯೂ ಇದ್ದವರು. ಆ ಕ್ರೈಂ ಡ್ರಾಮಾದ ಕೈಗುಣ ಇಲ್ಲೂ ಕಾಣುತ್ತೆ. ಪಾತ್ರಧಾರಿಗಳ ಬದಲು ನಿಜವಾದ ಮನುಷ್ಯರೇ ಕುರ್ಚಿ ಮೇಲೆ ಕೂತು ಮಾತಾಡ್ತಾರೆ, ಆದರೆ ಕತೆ ಕಟ್ಟಿರುವ ರೀತಿ ಪಕ್ಕಾ ಥ್ರಿಲ್ಲರ್‌ನದು. ಎರಡನೇ ಕಂತಿನ ಹೆಸರನ್ನ ಕನ್ನಡಕ್ಕೆ ತಂದರೆ ‘ರಕ್ತಪಾತ’. 1990ರ ದಶಕದ ಆರಂಭದಲ್ಲಿ ಪೊಲೀಸರಿಗೂ ವೀರಪ್ಪನ್‌ಗೂ ನೇರಾನೇರ ಬಿದ್ದ ಕಾಲ ಅದು.

ಆ ಕಾಲದ ಘಟನೆಗಳನ್ನ ಒಂದರ ಕೆಳಗೊಂದು ಬರೆದು ನೋಡಿ. 1991ರ ನವೆಂಬರ್ 10ಕ್ಕೆ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ. ಅದೇ ವರ್ಷ ಆಗಸ್ಟ್ 14ಕ್ಕೆ ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಹತ್ಯೆ. 1993ರ ಏಪ್ರಿಲ್ 9ಕ್ಕೆ ಪಾಲಾರ್‌ನಲ್ಲಿ ನೆಲಬಾಂಬ್, 22 ಜನರ ಸಾವು. ಆಮೇಲೆ ಎಸ್‌ಟಿಎಫ್, ಕೂಂಬಿಂಗ್, ಬಂಧನ, ಟಾಡಾ ಕೇಸುಗಳು. ಒಂದು ಸಾವು ಇನ್ನೊಂದು ಸಾವಿಗೆ ಕಾರಣ ಕೊಡ್ತಾ ಹೋಗುತ್ತೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಬಿದ್ದಾಗ ಎರಡು ಕಡೆಯ ಲಾಗ್ ತೆಗೆದು ಅಕ್ಕಪಕ್ಕ ಇಟ್ಟು ಓದ್ತೀವಿ. ಟೈಮು ಒಂದೇ ಇರುತ್ತೆ, ತಪ್ಪು ಯಾರದು ಅನ್ನೋದು ಮಾತ್ರ ಬೇರೆಬೇರೆ. ಈ ಕಂತು ಕಟ್ಟಿರೋದೂ ಹಾಗೇ. ಒಂದು ಲಾಗ್ ಮುತ್ತುಲಕ್ಷ್ಮಿಯದು, ಇನ್ನೊಂದು ಪೊಲೀಸರದು.

ಮುತ್ತುಲಕ್ಷ್ಮಿ ಮಾತಾಡುವಾಗ ನಾವು ಒಬ್ಬ ಕಾಡುಗಳ್ಳನ ಹೆಂಡತಿಯನ್ನ ನೋಡ್ತಿದ್ದೀವಿ ಅನ್ನೋದು ಸ್ವಲ್ಪ ಹೊತ್ತಿಗೆ ಮರೆತು ಹೋಗುತ್ತೆ. ಮೀಸೆ ನೋಡಿ ಮೆಚ್ಚಿದ ಹುಡುಗಿಯ ಹಾಗೆ ಗಂಡನ ಬಗ್ಗೆ ಹೇಳ್ತಾರೆ. ಪೊಲೀಸರ ವಶದಲ್ಲಿ ತಾನು ಅನುಭವಿಸಿದ್ದನ್ನ ಹೇಳುವಾಗ ನಮಗೆ ಕೂತಲ್ಲಿ ಕೂರೋಕಾಗಲ್ಲ. ಆದರೆ ಗಂಡ ಕೊಂದವರ ವಿಷಯ ಬಂದಾಗ ಅದೇ ದನಿ, ಅದೇ ನಿರಾಳ. ಅಲ್ಲಿ ನಮ್ಮ ಕರುಣೆ ಎಡವುತ್ತೆ. ನಿರ್ದೇಶಕರು ಆಗ ಸಂಗೀತ ಹಾಕಿ ‘ನೋಡಿ, ಇವರು ತಪ್ಪು’ ಅಂತ ಹೇಳಿಕೊಡಲ್ಲ. ಅದು ನನಗೆ ಹಿಡಿಸಿತು.

ಇನ್ನೊಂದು ಕಡೆ ‘ಟೈಗರ್’ ಅಂತಲೇ ಹೆಸರಾದ ಪೊಲೀಸ್ ಅಧಿಕಾರಿ ಬಿ.ಬಿ. ಅಶೋಕ್ ಕುಮಾರ್. ಶಕೀಲ್ ಅಹ್ಮದ್ ಜೊತೆ ಕೆಲಸ ಮಾಡಿದವರು. ಶಕೀಲ್ ಬಗ್ಗೆ ಮಾತಾಡುವಾಗ ಅವರು ಇಲಾಖೆಯ ವರದಿ ಓದುವ ಹಾಗೆ ಮಾತಾಡಲ್ಲ, ಜೊತೆಗಾರನನ್ನ ಕಳಕೊಂಡವನ ಹಾಗೆ ಮಾತಾಡ್ತಾರೆ. ಆ ಸಿಟ್ಟು ನ್ಯಾಯವಾದದ್ದೇ ಅಂತ ನಮಗೂ ಅನಿಸುತ್ತೆ. ಅದಾದ ಮೇಲೆ ಅದೇ ಸಿಟ್ಟು ಊರೂರಿಗೆ ನುಗ್ಗಿದಾಗ ಏನಾಯಿತು ಅನ್ನೋ ಪ್ರಶ್ನೆ ಬರುತ್ತೆ. ಅಷ್ಟೊತ್ತಿಗೆ ನಾವು ಆ ಸಿಟ್ಟಿಗೆ ಹೂಂ ಅಂದಾಗಿರುತ್ತೆ. ಕಂತಿನ ಬಿಗಿ ಇರೋದು ಇಲ್ಲಿ. ಮುಂದೇನಾಗುತ್ತೆ ಅಂತ ಗೊತ್ತಿದ್ದರೂ, ನಾವು ಯಾವ ಕಡೆ ನಿಂತಿದ್ದೀವಿ ಅನ್ನೋದು ಹತ್ತು ನಿಮಿಷಕ್ಕೊಮ್ಮೆ ಬದಲಾಗ್ತಾ ಇರುತ್ತೆ.

ಇಷ್ಟು ಹೊಗಳಿಕೆ. ಈಗ ನನ್ನ ತಕರಾರು.

ನಾನು ಜೋಯಿಡಾ ತಾಲೂಕಿನ ಕುಂಬಾರವಾಡದವನು. ಊರಿನ ಹೆಸರಲ್ಲೇ ಒಂದು ವನ್ಯಜೀವಿ ವಲಯ ಇದೆ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ‘ಕಾಳಿ’ ಅಂತ ಹೆಸರು. ಬೋರ್ಡು ಬದಲಾಗ್ತಾ ಬಂತು, ಊರು ಅಲ್ಲೇ ಇತ್ತು. ನಮ್ಮಲ್ಲಿ ವೀರಪ್ಪನ್ ಇರಲಿಲ್ಲ, ಶ್ರೀಗಂಧದ ಯುದ್ಧವೂ ಆಗಲಿಲ್ಲ. ಮಲೆಮಹದೇಶ್ವರ ಬೆಟ್ಟದ ಜನ ಅನುಭವಿಸಿದ್ದಕ್ಕೆ ನಮ್ಮದನ್ನ ಹೋಲಿಸೋದು ಸರಿಯೂ ಅಲ್ಲ. ಆದರೆ ಕಾಡಿನೊಳಗಿನ ಊರಲ್ಲಿ ಬೆಳೆದವನಿಗೆ ಒಂದು ವಿಷಯ ಬೇಗ ತಿಳಿಯುತ್ತೆ: ಅಲ್ಲಿ ಎಲ್ಲಕ್ಕಿಂತ ಭಾರವಾದ ಪ್ರಶ್ನೆ ‘ಯಾರು ಮಾಡಿದ್ದು’ ಅಲ್ಲ, ‘ಯಾರು ಹೇಳಿದ್ದು’. ಒಂದು ಮರ ಬಿದ್ದಿದ್ದು, ಒಂದು ಹಂದಿ ಸತ್ತಿದ್ದು ಮೇಲಿನವರಿಗೆ ಗೊತ್ತಾದರೆ, ಮರ ಕಡಿದವನಿಗಿಂತ ಸುದ್ದಿ ಕೊಟ್ಟವನ ಬಗ್ಗೆ ಊರು ಹೆಚ್ಚು ದಿನ ಮಾತಾಡುತ್ತೆ. ದಿನಗೂಲಿ ವಾಚರ್ ಆಗಿರುವವನು ಅದೇ ಊರಿನ ಮಗ. ಬೆಳಿಗ್ಗೆ ಸಾಹೇಬರ ಜೀಪು ಹತ್ತಬೇಕು, ಸಂಜೆ ಅದೇ ಜನರ ಜೊತೆ ಕೂತು ಗೆಣಸು ತಿನ್ನಬೇಕು.

ಈ ಕಣ್ಣಿಂದ ಎರಡನೇ ಕಂತು ನೋಡಿ. ಮೀಣ್ಯಂ ಘಟನೆಯ ಮೂಲದಲ್ಲಿ ಇರೋದು ಬಂದೂಕಲ್ಲ, ಸುದ್ದಿ. ಅದಕ್ಕೆ ಮುಂಚೆ ಪೊಲೀಸರು ವ್ಯಾಪಾರಿಗಳ ವೇಷದಲ್ಲಿ ಹೋಗಿ, ಮಾಹಿತಿದಾರನ ನೆರವಿಂದ ವೀರಪ್ಪನ್‌ನ ಆಪ್ತ ಗುರುನಾಥನ್‌ನನ್ನ ಹಿಡಿದಿದ್ದರು, ಅವನು ಸತ್ತ. ಅದರ ಸೇಡಿಗೆ ವೀರಪ್ಪನ್ ಮಾಹಿತಿದಾರನ ದಾರಿಯನ್ನೇ ತಿರುಗಿಸಿದ. ಸುಳ್ಳು ಸುಳಿವು ಕಳಿಸಿದ, ಅದನ್ನ ನಂಬಿ ಹೊರಟ ಕಾರು ಗುಂಡಿನ ಮಳೆಗೆ ಸಿಕ್ಕಿತು. ಒಂದೇ ದಾರಿ, ಒಂದು ಸಲ ಈ ಕಡೆಗೆ, ಇನ್ನೊಂದು ಸಲ ಆ ಕಡೆಗೆ. ಆ ದಾರಿಯ ಮಧ್ಯೆ ನಿಂತ ಮನುಷ್ಯನಿಗಿಂತ ದೊಡ್ಡ ಇಬ್ಬಂದಿಯ ಪಾತ್ರ ಈ ಇಡೀ ಸರಣಿಯಲ್ಲಿ ಇನ್ನೊಂದಿಲ್ಲ. ಆದರೆ ಅವನು ನಮಗೆ ಕಾಣೋದು ಬೇರೆಯವರ ಬಾಯಲ್ಲಿ ಮಾತ್ರ. ‘ನಮ್ಮ ಮಾಹಿತಿದಾರ’ ಅಂತ ಒಬ್ಬರು, ‘ದ್ರೋಹಿ’ ಅಂತ ಇನ್ನೊಬ್ಬರು. ಯಾಕೆ ಹೇಳಿದ, ಹೇಳದೇ ಇದ್ದಿದ್ದರೆ ಏನಾಗ್ತಿತ್ತು, ಮನೆಯಲ್ಲಿ ಯಾರಿದ್ದರು, ಒಂದೂ ಇಲ್ಲ. ಕ್ರೈಂ ಕತೆಗೆ ಅವನು ಬೇಕು, ಕತೆ ಮುಂದೆ ತಳ್ಳೋಕೆ. ಅಷ್ಟಕ್ಕೇ ಮುಗೀತು.

ಅವನ ಹಿಂದೆ ಇಡೀ ಊರುಗಳಿದ್ದವು. ರಾತ್ರಿ ಬಂದವರು ಅಕ್ಕಿ ಕೇಳಿದರೆ ಕೊಡಬೇಕು, ಕೊಡದಿದ್ದರೆ ಪೊಲೀಸ್ ಕಡೆಯವನು ಅಂತ ಅನುಮಾನ. ಬೆಳಿಗ್ಗೆ ಬಂದವರು ‘ಅಕ್ಕಿ ಕೊಟ್ಟಿದ್ದು ಯಾರು’ ಅಂತ ಕೇಳಿದರೆ ಹೇಳಬೇಕು, ಹೇಳದಿದ್ದರೆ ಕಳ್ಳನ ಕಡೆಯವನು ಅಂತ ಕೇಸು. ಎಸ್‌ಟಿಎಫ್ ಶಿಬಿರದಲ್ಲಿ ಹಿಂಸೆ ಕೊಡುವ ಜಾಗಕ್ಕೆ ‘ವರ್ಕ್‌ಶಾಪ್’ ಅನ್ನೋ ಹೆಸರಿತ್ತು ಅಂತ ಅಲ್ಲಿಂದ ಬಂದವರು ಹೇಳಿದ್ದಾರೆ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದಲ್ಲಿ ಸಮಿತಿ ಮಾಡಿ ಈ ದೂರುಗಳನ್ನ ಕೇಳಿಸಿತು. 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ಟಾಡಾದಲ್ಲಿ ನೂರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಜೈಲಲ್ಲಿದ್ದು, ಅವರಲ್ಲಿ ಬಹುಪಾಲು ಜನ ಖುಲಾಸೆ ಆದರು. ಪಾಲಾರ್ ಕೇಸಲ್ಲಿ ಗಲ್ಲಿಗೆ ಕಾದಿದ್ದ ನಾಲ್ವರು ಇದ್ದದ್ದು ನಮ್ಮೂರಿಂದ ದೂರವೇನಲ್ಲದ ಬೆಳಗಾವಿಯ ಹಿಂಡಲಗಾ ಜೈಲಲ್ಲಿ. 2014ರ ಜನವರಿ 21ಕ್ಕೆ ಸುಪ್ರೀಂ ಕೋರ್ಟ್, ಕ್ಷಮಾದಾನದ ಅರ್ಜಿ ತೀರ್ಮಾನಿಸಲು ತಡವಾಯಿತು ಅಂತ ಶಿಕ್ಷೆಯನ್ನ ಜೀವಾವಧಿಗೆ ಇಳಿಸಿತು.

ಸರಣಿ ಇವರನ್ನ ಪೂರ್ತಿ ಮರೆತಿದೆ ಅಂತ ನಾನು ಹೇಳ್ತಿಲ್ಲ. ಹಿಂಸೆ ಅನುಭವಿಸಿದವರ ಮಾತು ಬರುತ್ತೆ, ಬಂದಾಗ ನಾಟುತ್ತೆ. ಆದರೆ ಅವರು ಬರೋದು ಸಾಕ್ಷಿಗಳಾಗಿ, ಪಾತ್ರಗಳಾಗಿ ಅಲ್ಲ. ವೀರಪ್ಪನ್‌ಗೆ ಹುಟ್ಟು, ಪ್ರೀತಿ, ಸಿಟ್ಟು, ಸಾವು ಎಲ್ಲ ಇದೆ. ಪೊಲೀಸರಿಗೆ ಗೆಳೆತನ, ಸೋಲು, ಗೆಲುವು ಇದೆ. ಊರಿನವನಿಗೆ ಬೆನ್ನಿನ ಮೇಲೆ ಗಾಯ ಮಾತ್ರ ಇದೆ. ಏಟು ತಿನ್ನೋಕೆ ಮುಂಚೆ ಅವನು ಏನಾಗಿದ್ದ? ಅವನಿಗೂ ಒಂದು ಆಯ್ಕೆ ಮಾಡಬೇಕಾಗಿ ಬಂತಾ? ಅದನ್ನ ಸಾಧಿಸಿದ್ದು ಒಂದು ತಮಿಳು ಕಾದಂಬರಿ, ಸ. ಬಾಲಮುರುಗನ್ 2004ರಲ್ಲಿ ಪ್ರಕಟಿಸಿದ ‘ಸೋಳಗರ್ ತೊಟ್ಟಿ’. ಅಲ್ಲಿ ಮೊದಲು ಊರು ಬರುತ್ತೆ, ಸೋಲಿಗರ ಬದುಕು ಬರುತ್ತೆ, ಆಮೇಲೆ ಎಸ್‌ಟಿಎಫ್ ಬರುತ್ತೆ. ಈ ಕ್ರಮ ಬದಲಾದರೆ ಕತೆ ಯಾರದು ಅನ್ನೋದೇ ಬದಲಾಗುತ್ತೆ.

ಇನ್ನೊಂದು ತಕರಾರು ಶ್ರೀನಿವಾಸ್ ವಿಷಯದ್ದು. ವೀರಪ್ಪನ್‌ನನ್ನ ಹಿಡಿಯೋಕೆ ಹೊರಟವರಲ್ಲಿ ಅವರ ದಾರಿ ಬೇರೆ. 1986ರಲ್ಲಿ ಅವರೇ ಅವನನ್ನ ಬಂಧಿಸಿದ್ದರು, ಅವನು ತಪ್ಪಿಸಿಕೊಂಡ. ಆಮೇಲೆ ಗೋಪಿನಾಥಂನಲ್ಲಿ ಅವರು ಜನರ ನಡುವೆ ಇದ್ದು ಔಷಧಿ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ಶರಣಾಗಿ ಅಂತ ಹೇಳಿ ಅವನ ಕಡೆಯವರನ್ನ ಒಬ್ಬೊಬ್ಬರನ್ನೇ ವಾಪಸ್ ಕರೆಸಿದರು. ಕೊನೆಗೆ ಶರಣಾಗ್ತೀನಿ ಅಂತ ಬಂದ ಮಾತು ನಂಬಿ ಆಯುಧವಿಲ್ಲದೆ ಹೋದರು, ತಲೆ ಕಡಿದರು. ಸರ್ಕಾರ ಮರಣೋತ್ತರ ಕೀರ್ತಿಚಕ್ರ ಕೊಟ್ಟಿತು.

ಥ್ರಿಲ್ಲರ್‌ನ ಲೆಕ್ಕದಲ್ಲಿ ಈ ಸಾವು ಮುಂದಿನ ಯುದ್ಧಕ್ಕೆ ಕಾರಣ ಅಷ್ಟೇ. ನೋಡುವವನಿಗೆ ಉಳಿಯೋ ಪಾಠ ‘ಒಳ್ಳೆಯತನ ತೋರಿಸಿದರೆ ಹೀಗೇ ಆಗೋದು’ ಅಂತ. ಆದರೆ ಆ ಪಾಠ ಸರಿಯಾ? ಶ್ರೀನಿವಾಸ್ ದಾರಿಯಲ್ಲಿ ಕೆಲವರು ನಿಜವಾಗಿಯೂ ಕಾಡು ಬಿಟ್ಟು ಬಂದರು, ಗೋಪಿನಾಥಂ ಇವತ್ತಿಗೂ ಅವರನ್ನ ನೆನೆಯುತ್ತೆ. ಅವರಾದ ಮೇಲೆ ಬಂದ ಬಂದೂಕಿನ ದಾರಿ ವೀರಪ್ಪನ್‌ನನ್ನ ಮುಟ್ಟಿದ್ದು 2004ರ ಅಕ್ಟೋಬರ್ 18ಕ್ಕೆ, ಹದಿಮೂರು ವರ್ಷ ಕಳೆದ ಮೇಲೆ. ಆ ನಡುವೆ 2000ದಲ್ಲಿ ಡಾ. ರಾಜ್‌ಕುಮಾರ್ 108 ದಿನ ಕಾಡಿನಲ್ಲಿದ್ದರು. ಈ ಎರಡು ದಾರಿಗಳ ಲಾಭ-ನಷ್ಟವನ್ನ ಪಕ್ಕಪಕ್ಕ ಇಟ್ಟು ತೂಗಿದ್ದರೆ, ಈ ಸರಣಿ ಒಳ್ಳೆಯದರಿಂದ ದೊಡ್ಡದಾಗ್ತಿತ್ತು.

‘ಇದು ಮನರಂಜನೆ ಕಣೋ, ಇಷ್ಟೆಲ್ಲ ಯಾಕೆ ಕೇಳ್ತೀಯಾ’ ಅಂತ ನೀವು ಅನ್ನಬಹುದು. ಕಾರಣ ಇದೆ. ಸರಣಿ ಬಂದು ಎರಡು ತಿಂಗಳೊಳಗೆ, 2023ರ ಸೆಪ್ಟೆಂಬರ್ 29ಕ್ಕೆ, ಮದ್ರಾಸ್ ಹೈಕೋರ್ಟ್ ವಾಚಾತಿ ಕೇಸಲ್ಲಿ ತೀರ್ಪು ಕೊಟ್ಟಿತು. ಧರ್ಮಪುರಿ ಜಿಲ್ಲೆಯ ಆ ಬುಡಕಟ್ಟು ಊರಿಗೆ 1992ರ ಜೂನ್‌ನಲ್ಲಿ ಶ್ರೀಗಂಧ ಹುಡುಕೋ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ನುಗ್ಗಿದ್ದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಗಿತ್ತು. ಅಪರಾಧಿಗಳ ಶಿಕ್ಷೆಯನ್ನ ಹೈಕೋರ್ಟ್ ಎತ್ತಿಹಿಡಿಯಿತು. ಮೂವತ್ತೊಂದು ವರ್ಷ ಆದಮೇಲೆ! ಅದೇ ಕಾಲ, ಅದೇ ಗಂಧದ ಮರದ ಹೆಸರು. ಕಾಡಿನ ಅಪರಾಧದ ಕತೆಯನ್ನ ನಾವು ಬರೀ ಕಳ್ಳ-ಪೊಲೀಸ್ ಆಟದ ಹಾಗೆ ನೋಡೋಕೆ ಕಲಿತರೆ, ಇಂಥ ಊರುಗಳು ನಮಗೆ ಕತೆಯ ಹಿಂದಿನ ಹಸಿರು ಪರದೆಯಾಗಿ ಉಳಿದುಬಿಡುತ್ತವೆ. ಕಾಡೊಳಗಿನ ಊರಿಂದ ಬಂದವನಾಗಿ ನನಗೆ ಅದು ಹೆದರಿಕೆಯ ವಿಷಯ.

ಆದರೂ ‘ದಿ ಹಂಟ್ ಫಾರ್ ವೀರಪ್ಪನ್’ ನೋಡಿ. ಇದೇ ವಿಷಯದ ಮೇಲೆ ಬಂದ ಸಿನಿಮಾಗಳಿಗಿಂತ ಇದು ಎಷ್ಟೋ ಪ್ರಾಮಾಣಿಕ. ತಮಿಳು, ಕನ್ನಡ ಮಾತಾಡುವವರನ್ನ ಅವರವರ ಮಾತಿನಲ್ಲೇ ಕೇಳಿ, ಡಬ್ ಮಾಡಿದ್ದು ಬೇಡ. ಎರಡನೇ ಕಂತು ಮುಗಿದ ತಕ್ಷಣ ಮೂರನೆಯದು ತಾನಾಗೇ ಶುರುವಾಗುತ್ತೆ, ಅಣ್ಣಾವ್ರ ಅಪಹರಣದ ಕತೆ, ಬಿಡೋಕೆ ಮನಸ್ಸು ಬರಲ್ಲ. ಒಂದೈದು ನಿಮಿಷ ಅಲ್ಲೇ ನಿಲ್ಲಿಸಿ. ಆ ಕಂತಿನಲ್ಲಿ ಯಾರು ಯಾರಿಗೆ ಸುದ್ದಿ ಕೊಟ್ಟರು ಅಂತ ಒಂದು ಹಾಳೆ ಮೇಲೆ ಬರೀರಿ. ಆಮೇಲೆ ಆ ಪಟ್ಟಿಯಲ್ಲಿ ಎಷ್ಟು ಜನರ ಮುಖ ನೀವು ನೋಡಿದಿರಿ ಅಂತ ಎಣಿಸಿ.