ಕೈಯಾರೆ ಕಟ್ಟಿದ ಕಾರಿಗೆ ತಕ್ಕ ಸ್ಪ್ರಿಂಗ್

ಬ್ರಿಟನ್ನಿನಲ್ಲಿ ಮನೆಯ ಗ್ಯಾರೇಜಿನಲ್ಲೇ ಕಾರು ಕಟ್ಟುವ ಹವ್ಯಾಸಿಗಳಿಗೆ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಬಹುಕಾಲದ ಮಾದರಿ. ಅಂಥದೇ ಕಾರನ್ನು ಹಳೆಯ ಫೋರ್ಡ್ ಎಸ್ಕಾರ್ಟಿನ ಭಾಗಗಳಿಂದ ಕಡಿಮೆ ಖರ್ಚಿನಲ್ಲಿ ಕಟ್ಟುವುದು ಹೇಗೆಂದು ರಾನ್ ಚಾಂಪಿಯನ್ 1996ರ ತಮ್ಮ ಕೈಪಿಡಿಯಲ್ಲಿ ವಿವರಿಸಿದ ಮೇಲೆ ‘ಲೋಕಾಸ್ಟ್’ ಎಂಬ ಹೆಸರಿನ ಕಾರುಗಳ ಗುಂಪೇ ಹುಟ್ಟಿಕೊಂಡಿತು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲವೂ ಹಳೆಯ ಕಾರಿನಿಂದ ಬರುತ್ತವೆ, ಸ್ಪ್ರಿಂಗ್ ಮಾತ್ರ ಬರುವುದಿಲ್ಲ. ಏಕೆಂದರೆ ಎಸ್ಕಾರ್ಟಿನ ಹಿಂಭಾಗ ನಿಂತಿದ್ದುದು ಲಾರಿಗಳಲ್ಲಿ ಕಾಣುವಂಥ ಲೀಫ್ ಸ್ಪ್ರಿಂಗುಗಳ ಮೇಲೆ, ಅದರ ತೂಕವೂ ಲೋಕಾಸ್ಟಿಗಿಂತ ಬಹಳ ಹೆಚ್ಚು. ಹೀಗಾಗಿ ಸುರುಳಿ ಸ್ಪ್ರಿಂಗಿನ ಆಯ್ಕೆ ಕಾರು ಕಟ್ಟುವವರ ಪಾಲಿಗೇ ಉಳಿಯುತ್ತದೆ, ಮತ್ತು ಅವರಲ್ಲಿ ಅನೇಕರು ಇನ್ನೊಬ್ಬರ ಕಾರಿಗೆ ಹೊಂದಿದ ಸಂಖ್ಯೆಯನ್ನೇ ತಮ್ಮ ಕಾರಿಗೂ ಹಾಕಿಬಿಡುತ್ತಾರೆ.

ಸ್ಪ್ರಿಂಗಿನ ಬಿಗಿತವೆಂದರೆ ಅದನ್ನು ಒಂದು ಅಂಗುಲ ಕುಗ್ಗಿಸಲು ಬೇಕಾದ ಭಾರ. ಬ್ರಿಟಿಷ್ ಅಂಗಡಿಗಳಲ್ಲಿ ಇದನ್ನು ಪೌಂಡುಗಳಲ್ಲಿ ಹೇಳುವುದು ರೂಢಿ. ಈ ಬಿಗಿತ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ ತಂತಿ ಶೇ 10ರಷ್ಟು ದಪ್ಪವಾದರೆ ಸಾಕು, ಸ್ಪ್ರಿಂಗ್ ಸುಮಾರು ಶೇ 46ರಷ್ಟು ಗಡುಸಾಗುತ್ತದೆ. ಸುತ್ತುಗಳು ಕಡಿಮೆಯಾದರೂ ಗಡುಸಾಗುತ್ತದೆ. ಕಾರನ್ನು ತಗ್ಗಿಸಲೆಂದು ಒಂದು ಸುತ್ತು ಕತ್ತರಿಸಿದವರಿಗೆ ಬೇಡದ ಬಿಗಿತವೂ ಜೊತೆಗೆ ಸಿಗುವುದು ಇದರಿಂದಲೇ.

ಆದರೆ ರಸ್ತೆಗೆ ತಗಲುವುದು ಚಕ್ರವೇ ಹೊರತು ಸ್ಪ್ರಿಂಗ್ ಅಲ್ಲ. ಸ್ಪ್ರಿಂಗನ್ನು ಹೊತ್ತ ಡ್ಯಾಂಪರ್, ಅಂದರೆ ಕುಲುಕಾಟವನ್ನು ತಣಿಸುವ ಕೊಳವೆ, ವಿಶ್‌ಬೋನ್ ಎಂಬ ತ್ರಿಕೋನ ತೋಳಿನ ನಡುವೆಲ್ಲೋ ಓರೆಯಾಗಿ ನಿಂತಿರುತ್ತದೆ. ಚಕ್ರ ಎಷ್ಟು ಏರಿದರೆ ಡ್ಯಾಂಪರ್ ಎಷ್ಟು ಕುಗ್ಗುತ್ತದೆ ಎಂಬ ಅನುಪಾತವನ್ನು ಪುಸ್ತಕದಿಂದ ಎತ್ತಿಕೊಳ್ಳದೆ ಅಳೆದೇ ತಿಳಿಯಬೇಕು: ಸ್ಪ್ರಿಂಗನ್ನು ತೆಗೆದಿಟ್ಟು, ಡ್ಯಾಂಪರನ್ನು ಮಾತ್ರ ಅದರ ಜಾಗದಲ್ಲಿ ಜೋಡಿಸಿ, ಚಕ್ರವನ್ನು ಜಾಕಿನಿಂದ ಮೆಲ್ಲಗೆ 50 ಮಿಲಿಮೀಟರ್ ಎತ್ತಿದಾಗ ಡ್ಯಾಂಪರಿನ ಎರಡು ಬೋಲ್ಟುಗಳ ನಡುವಿನ ಅಂತರ 35 ಮಿಲಿಮೀಟರ್ ಕಡಿಮೆಯಾದರೆ ಅನುಪಾತ 0.7. ಚಕ್ರಕ್ಕೆ ತಗಲುವ ಬಿಗಿತ ಈ ಅನುಪಾತದ ವರ್ಗದಷ್ಟು, ಅಂದರೆ 0.49ರಷ್ಟು ಮಾತ್ರ, ಅಂಗಡಿಯಲ್ಲಿ ಗಡುಸೆನಿಸಿದ ಸ್ಪ್ರಿಂಗ್ ಚಕ್ರದ ಬಳಿ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಇನ್ನೊಂದು ಕಾರಿನ ಸಂಖ್ಯೆಯನ್ನು ನಕಲು ಮಾಡುವವರು ಎಡವುವುದು ಇಲ್ಲಿಯೇ.

ನಿಜವಾಗಿ ಆರಿಸಬೇಕಾದದ್ದು ಸ್ವಾಭಾವಿಕ ಆವರ್ತನವನ್ನು, ಅಂದರೆ ಡ್ಯಾಂಪರಿನ ತಡೆಯಿಲ್ಲದಿದ್ದರೆ ಕಾರಿನ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದನ್ನು. ಸಾಮಾನ್ಯ ಕುಟುಂಬದ ಕಾರುಗಳಲ್ಲಿ ಇದು 1ರಿಂದ 1.5 ಹರ್ಟ್ಸ್, ರಸ್ತೆಯಲ್ಲಿ ಓಡುವ ಹಗುರ ಸ್ಪೋರ್ಟ್ಸ್ ಕಾರಿಗೆ 1.5ರಿಂದ 1.7 ಒಪ್ಪುತ್ತದೆ, 2ನ್ನು ದಾಟಿದರೆ ಅದು ರೇಸ್ ಟ್ರ್ಯಾಕಿನ ಮಾತು. ಮುಂದಿನ ಒಂದು ಚಕ್ರದ ಕೆಳಗಿನ ತೂಕ ಚಾಲಕನೂ ಸೇರಿ 140 ಕಿಲೋ ಎಂದುಕೊಂಡು, ಸ್ಪ್ರಿಂಗ್ ಹೊರದಿರುವ ಚಕ್ರ, ಬ್ರೇಕ್, ತೋಳಿನ ಅರ್ಧಭಾಗ ಮುಂತಾದವಕ್ಕೆ 25 ಕಿಲೋ ಕಳೆದರೆ 115 ಕಿಲೋ ಉಳಿಯುತ್ತದೆ. 1.6 ಹರ್ಟ್ಸ್ ಬೇಕೆಂದರೆ ಚಕ್ರದ ಬಳಿ ಮಿಲಿಮೀಟರಿಗೆ 11.6 ನ್ಯೂಟನ್ ಬಿಗಿತ ಬೇಕು, ಅದನ್ನು 0.49ರಿಂದ ಭಾಗಿಸಿದರೆ ಸ್ಪ್ರಿಂಗಿನ ಬಿಗಿತ ಸುಮಾರು 24 ನ್ಯೂಟನ್, ಅಂದರೆ ಅಂಗುಲಕ್ಕೆ 135 ಪೌಂಡ್. ಸಿದ್ಧ ಸ್ಪ್ರಿಂಗುಗಳು ಸಾಮಾನ್ಯವಾಗಿ 25 ಪೌಂಡುಗಳ ಅಂತರದಲ್ಲಿ ಸಿಗುವುದರಿಂದ 125 ಮತ್ತು 150ರ ನಡುವೆ ಒಂದನ್ನು ಆರಿಸಬೇಕಾಗುತ್ತದೆ.

ಹಿಂಭಾಗದ ಲೆಕ್ಕ ಇಷ್ಟು ಸರಳವಲ್ಲ. ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತಿ ಹಿಂದಿನದು ಆಮೇಲೆ ಹತ್ತುವುದರಿಂದ ಕಾರು ಮೂಗು ಎತ್ತಿ ಇಳಿಸಿ ತೂಗಾಡತೊಡಗುತ್ತದೆ. ಹಿಂದಿನ ಆವರ್ತನ ತುಸು ಹೆಚ್ಚಿದ್ದರೆ ಹಿಂಭಾಗ ಮುಂಭಾಗದ ಲಯವನ್ನು ಬೇಗ ಸೇರಿಕೊಂಡು ತೂಗಾಟ ಅಡಗುತ್ತದೆ ಎಂಬುದನ್ನು 1930ರ ದಶಕದಲ್ಲಿ ಜನರಲ್ ಮೋಟರ್ಸ್ ಕಂಪನಿಯಲ್ಲಿದ್ದ ಮಾರಿಸ್ ಆಲಿ ತೋರಿಸಿಕೊಟ್ಟರು. ಆದರೆ ಲೋಕಾಸ್ಟಿನ ಆಸನಗಳು ಹಿಂದಿನ ಆಕ್ಸಲಿಗೆ ತಾಗಿಕೊಂಡಂತಿರುವುದರಿಂದ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಪೆಟ್ರೋಲ್ ಟ್ಯಾಂಕೂ ತುಂಬಿದಾಗ ಹಿಂದಿನ ಭಾರ ಬಹಳ ಏರಿ ಆವರ್ತನ ಇಳಿಯುತ್ತದೆ. ಆದ್ದರಿಂದ ಒಬ್ಬರಿದ್ದಾಗ, ಇಬ್ಬರಿದ್ದಾಗ ಎರಡನ್ನೂ ಲೆಕ್ಕ ಹಾಕದೆ ಹಿಂದಿನ ಸ್ಪ್ರಿಂಗ್ ಕೊಳ್ಳಬಾರದು.

ಉದ್ದದ ಕಡೆಗೂ ಗಮನ ಬೇಕು. ಮೇಲಿನ ಲೆಕ್ಕದ 125 ಪೌಂಡಿನ ಸ್ಪ್ರಿಂಗ್ ಕಾರು ನಿಂತಾಗಲೇ ಸುಮಾರು 74 ಮಿಲಿಮೀಟರ್ ಕುಗ್ಗಿರುತ್ತದೆ, ಉಬ್ಬಿನಲ್ಲಿ ಚಕ್ರ 60 ಮಿಲಿಮೀಟರ್ ಏರಿದರೆ ಇನ್ನೂ 42 ಕುಗ್ಗುತ್ತದೆ. ಅಷ್ಟಾದ ಮೇಲೂ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಳ್ಳದಷ್ಟು ಜಾಗ ಉಳಿಯಬೇಕು, ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಲೂಬಾರದು. ಸ್ಪ್ರಿಂಗಿನ ಕೆಳಗಿನ ತಿರುಪು ಬಿಲ್ಲೆಯನ್ನು ಬಿಗಿದರೆ ಕಾರು ಗಡುಸಾಗುತ್ತದೆ ಎಂಬ ನಂಬಿಕೆ ತಪ್ಪು. ಅದು ಕಾರಿನ ಎತ್ತರವನ್ನಷ್ಟೇ ಬದಲಿಸುತ್ತದೆ.

ಚಾಪ್‌ಮನ್ನರ ರಸ್ತೆ ಕಾರುಗಳು ಹೆಸರು ಪಡೆದದ್ದು ಮೃದು ಸ್ಪ್ರಿಂಗ್ ಮತ್ತು ಅದನ್ನು ಹದವಾಗಿ ಹಿಡಿದಿಡುವ ಡ್ಯಾಂಪರುಗಳ ಜೋಡಿಯಿಂದ. ಗಡುಸಾದ ಹಗುರ ಕಾರು ಒರಟು ರಸ್ತೆಯಲ್ಲಿ ಟೈರನ್ನು ನೆಲಕ್ಕೆ ಒತ್ತಿಹಿಡಿಯಲಾರದೆ ಕುಪ್ಪಳಿಸುತ್ತದೆ, ಕುಪ್ಪಳಿಸುವ ಟೈರಿಗೆ ಹಿಡಿತವಿರುವುದಿಲ್ಲ. ರಸ್ತೆಗಾಗಿ ಕಟ್ಟಿದ ಕಾರಿಗೆ 125 ಮತ್ತು 150ರ ಪೈಕಿ 125ನ್ನೇ ಕೊಳ್ಳುವುದು ಸರಿ.