ಕಾರವಾರದಲ್ಲಿ ಹುಳು ಸಾಕಿದ ಬೆಲ್

ಥಾಮಸ್ ರೀಡ್ ಡೇವಿಸ್ ಬೆಲ್ ಹುಟ್ಟಿದ್ದು 1863ರಲ್ಲಿ, ಐರ್ಲೆಂಡಿನಲ್ಲಿ. ಹೊಟ್ಟೆಪಾಡಿಗೆ ಭಾರತದ ಅರಣ್ಯ ಇಲಾಖೆಯ ನೌಕರಿ, ಮನಸ್ಸಿಗೆ ಚಿಟ್ಟೆ.

ಕಾರವಾರದಲ್ಲಿ ಅವರಿಗೆ ತಕ್ಕ ಜೊತೆಗಾರರೂ ಸಿಕ್ಕರು: ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್ ಮತ್ತು ಉಪ್ಪು-ಸುಂಕದ ಇಲಾಖೆಯ ಇ.ಎಚ್. ಏಟ್ಕನ್. ಮೂವರಲ್ಲಿ ಯಾರೂ ವೃತ್ತಿಯಿಂದ ಕೀಟವಿಜ್ಞಾನಿಗಳಲ್ಲ. ಆದರೂ 1896-97ರಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಕುರಿತು ಅವರು ಬರೆದ ಪ್ರಬಂಧಮಾಲೆಯನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕ ಪ್ರಕಟಿಸಿತು.

ರೆಕ್ಕೆಯ ಬಣ್ಣ ನೋಡಿ ಹೆಸರಿಟ್ಟು ಸುಮ್ಮನಾಗುವ ಜಾಯಮಾನ ಬೆಲ್ ಅವರದಲ್ಲ. ಮರಿಹುಳುವನ್ನು ಅದು ತಿನ್ನುವ ಎಲೆಯ ಸಮೇತ ತಂದು ಸಾಕುವುದು, ಪೊರೆ ಕಳಚುವುದನ್ನೂ ಕೋಶ ಕಟ್ಟುವುದನ್ನೂ ಕಾಯುವುದು, ಕಂಡದ್ದನ್ನೆಲ್ಲ ಬರೆದಿಡುವುದು. ಇದು ಅವರ ಕಸುಬುಗಾರಿಕೆ. ಯಾವ ಚಿಟ್ಟೆಗೆ ಯಾವ ಗಿಡ ಎಂಬ ಲೆಕ್ಕ ಹೀಗೆ ಬೆಳೆಯಿತು.

1909ರಿಂದ ಅವರು ಭಾರತದ ಬಯಲು ಪ್ರದೇಶಗಳ ಸಾಮಾನ್ಯ ಚಿಟ್ಟೆಗಳ ಬಗ್ಗೆ ದೀರ್ಘ ಲೇಖನಮಾಲೆಯನ್ನೇ ಬರೆದರು. ಬಯಲಿನ ಹಳ್ಳಿಗಳ ಓದುಗರಿಗೂ ಅದರ ವಿಷಯ ಹತ್ತಿರದ್ದೇ. ಹೊಲದ ಬದುವಿನ ಎಕ್ಕದೆಲೆ ತಿಂದು ಬೆಳೆಯುವ ಪಟ್ಟೆಪಟ್ಟೆ ಹುಳು, ಗಿಡದ ವಿಷವನ್ನು ಮೈಯಲ್ಲೇ ಉಳಿಸಿಕೊಂಡು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಹಕ್ಕಿಗಳು ಅದರ ಗೊಡವೆಗೆ ಹೋಗುವುದು ಕಡಿಮೆ. ನಿಂಬೆ, ಕರಿಬೇವಿನ ಎಲೆಯ ಮೇಲಿನ ಎಳೆಹುಳು ಹಕ್ಕಿಯ ಹಿಕ್ಕೆಯಂತೆ ಕಂಡು ಬಚಾವಾಗುತ್ತದೆ.

1920ರಲ್ಲಿ ನಿವೃತ್ತರಾದ ಬೆಲ್ ಕಾರವಾರದಲ್ಲೇ ನೆಲೆನಿಂತರು. 1937ರಲ್ಲಿ ಸ್ಕಾಟ್ ಎಂಬುವರ ಜೊತೆಗೂಡಿ ಹಾಕ್‌ಮಾತ್ ಪತಂಗಗಳ ಬಗ್ಗೆ ಗ್ರಂಥ ಹೊರತಂದರು, 1948ರಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಆಹಾರಸಸ್ಯಗಳ ವಿವರವನ್ನು ಚಿಟ್ಟೆ ಅಧ್ಯಯನ ಮಾಡುವವರು ಇಂದಿಗೂ ತೆರೆದು ನೋಡುತ್ತಾರೆ.